ದೇವಕ್ಕನ ಲೋಕಲ್

ನಮ್ಮ ದಹಿಸರ್ ಬಿಲ್ಡಿಂಗಿನ ದೇವಕ್ಕ ರಿಟೈರ್ ಆಗಿ ಹನ್ನೆರಡು ವರ್ಷವಾದರೂ ಲೋಕಲ್ ರೈಲುಗಾಡಿಯಿಂದ ಇಳಿದಿಲ್ಲ. ಲೇಡೀಸ್ ಡಬ್ಬಿಯಲ್ಲಿ ತನ್ನೊಂದಿಗೆ ಮೂವತ್ತು ವರ್ಷ ಓಡಾಡಿದ ಗೆಳತಿಯರನ್ನು ದಿನಾ ಸಂಜೆ ಗಾರ್ಡನ್ ಬೆಂಚುಗಳ ಮೇಲೆ ಅದೇ ಸೀಟಿನ ಕ್ರಮದಲ್ಲಿ ಕೂರಿಸಿ, ಸ್ಟೇಷನ್ನುಗಳ ಹೆಸರು ಕೂಗುತ್ತಾಳೆ. ತಾವು ಇಳಿಯುತ್ತಿದ್ದ ಸ್ಟೇಷನ್ನಿಗಿಂತ ಒಂದು ಸ್ಟೇಷನ್ ಮೊದಲೇ ಅವರು ಎದ್ದು ನಿಲ್ಲಬೇಕು. “ತಲಿಗೆ ಜಂಗು ಹಿಡೀಬಾರ್ದವಾ” ಎಂಬುದು ಅವಳ ಮಂತ್ರ. ಮೊಣಕಾಲು ನೋವೆಂದರೆ ಕೇಳುವವಳಲ್ಲ, ಅರ್ಧ ನಿಮಿಷ ತಡವಾದರೆ, “ಹೋತು ನಿನ್ನ ಗಾಡಿ, ಆಫೀಸಿನ ಮಸ್ಟರಿನ್ಯಾಗ ಲೇಟ್ ಮಾರ್ಕ್!” ಎಂದು ಗದರುತ್ತಾಳೆ. ನಡುವೆ ರಾಮ ಮಂದಿರ ಸ್ಟೇಷನ್ ಬಿಟ್ಟುಹೋಯಿತೆಂದು ನಾನೊಮ್ಮೆ ನೆನಪಿಸಿದ್ದಕ್ಕೆ, “ಅದು ನಾ ರಿಟೈರ್ ಆದ ಮ್ಯಾಲೆ ಹುಟ್ಟಿದ ಸ್ಟೇಷನ್, ಅಲ್ಲಿ ನನ್ನ ಗಾಡಿ ನಿಲ್ಲಂಗಿಲ್ಲ” ಎಂದಿದ್ದಳು. ಅಂಧೇರಿಯಲ್ಲಿ ಇಳಿಯುತ್ತಿದ್ದ ನಾಗರತ್ನಾಳಿಗೆ ಈಗ ಮಗಳ ಹೆಸರೂ ನೆನಪಿಲ್ಲ. ಆದರೆ ಅದರ ಹಿಂದಿನ ಸ್ಟೇಷನ್ನಾದ ‘ಜೋಗೇಶ್ವರಿ’ಯನ್ನು ದೇವಕ್ಕ ಕೂಗಿದೊಡನೆ, ಇಲ್ಲದ ಬ್ಯಾಗನ್ನು ಎದೆಗವಚಿಕೊಂಡು ಎದ್ದು, “ಅಂಧೇರಿ ಉತರ್ನಾ ಹೈ, ಸರೀರೆವ್ವಾ” ಎಂದು ಇಳಿಯಲು ದಾರಿ ಕೇಳುತ್ತಾಳೆ. ಅವಳು ಏಳದ ದಿನಗಳೂ ಉಂಟು. ಆಗ ಯಾರಿಗೂ ಅರ್ಧ ನಿಮಿಷ ಬಿಟ್ಟುಕೊಡದ ದೇವಕ್ಕ, “ಸಿಗ್ನಲ್ ಬಿದ್ದಿಲ್ಲ, ತಡೀರಿ” ಎಂದು ಕತ್ತಲಾಗುವವರೆಗೂ ಗಾಡಿಯನ್ನು ಜೋಗೇಶ್ವರಿಯಲ್ಲೇ ನಿಲ್ಲಿಸಿಕೊಂಡಿರುತ್ತಾಳೆ.