ನೆರೆಮನೆಯ ನಿಘಂಟು

ಹೊಳೆಯಾಚೆಯ ಕನ್ನಡ ಶಾಲೆ ಬಿಟ್ಟು ಮಗಳು ಕೇರಳದ ಕೊಳವಳ್ಳಿ ಕಡೆಯ ಮಲಯಾಳಂ ಶಾಲೆಗೆ ಸೇರಿ ವರ್ಷ ತುಂಬಿರಲಿಲ್ಲ. ಮಲಯಾಳಂ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಬರದಿದ್ದರೆ ಎಂಟನೇ ತರಗತಿಯಲ್ಲೇ ಉಳಿಯಬೇಕು ಎಂದಿದ್ದರು. ಬೇರೆ ಭಾಷೆಯ ಶಾಲೆಯಿಂದ ಬಂದ ಮಕ್ಕಳು ಪರೀಕ್ಷೆಗೆ ನಿಘಂಟು ತರಬಹುದು, ಆದರೆ ಅದರೊಳಗೆ ಬೇರೆ ಬರಹ ಇರಕೂಡದು ಎಂದು ಪೋಷಕರ ಸಭೆ ತೀರ್ಮಾನಿಸಿತು. ಊರಿನ ಸುದ್ದಿಗಾರನಾದ್ದರಿಂದ ಸಭೆಯ ಸುದ್ದಿಯನ್ನು ಪತ್ರಿಕೆಗೆ ಕಳಿಸಿದವನೂ ನಾನೇ.

ನಮ್ಮ ಕಡೆ ಮನೆಯ ದಪ್ಪ ಪುಸ್ತಕವೆಂದರೆ ಕಾಗದಪತ್ರ ಮಡಿಕೆ ಬೀಳದಂತೆ ಇಡುವ ಜಾಗ. ನೆರೆಮನೆಯಿಂದ ತಂದ ಮಲಯಾಳಂ–ಕನ್ನಡ ನಿಘಂಟಿನಲ್ಲೂ ಅವರ ಕಾಗದಗಳಿದ್ದವು. ತೆಗೆದಿಡಲು ಹೋದರೆ ನನ್ನ ತಾಯಿ ಬಿಡಲಿಲ್ಲ. "ಎರವಲು ತಂದದ್ದು ಹೆಂಗ್ ಬಂತೋ ಹಂಗೇ ಹೋಗ್ಬೇಕು."

ಪರೀಕ್ಷೆಗೂ ಹಾಗೇ ಹೋಯಿತು. ಪುಸ್ತಕ ಹೊತ್ತುಕೊಂಡು ಹೋದ ನಾನು ಶಾಲೆಯ ಜಗಲಿಯಲ್ಲಿ ನಿಂತಿದ್ದೆ. ಪರೀಕ್ಷಾ ಕೊಠಡಿಯ ಮಾಷ್, ಅಂದರೆ ಮೇಷ್ಟ್ರು, ಒಂದೊಂದೇ ಪುಟ ತಿರುಗಿಸಿದರು. ಕುಂಕುಮದ ಪೊಟ್ಟಣ ಬಂತು, ಬಸ್ ಟಿಕೆಟ್ ಬಂತು, ಕೊನೆಗೆ ಕನ್ನಡದಲ್ಲಿ ಕೈಯಿಂದ ಬರೆದ ಮದುವೆ ಕಾಗದ. ಅವರಿಗೆ ಕನ್ನಡ ಓದಲು ಬಾರದು. ಉತ್ತರ ಬರೆದು ತಂದಿರಬಹುದೆಂಬ ಅನುಮಾನ. ನಾನು ಓದುತ್ತೇನೆಂದೆ.

"ನೀವು ಅಪ್ಪ. ನಿಮ್ಮ ಮಾತು ಲೆಕ್ಕಕ್ಕಿಲ್ಲ," ಎಂದರು ಮಲಯಾಳಂನಲ್ಲಿ. ಕನ್ನಡ ಬಲ್ಲ ಇನ್ನೊಬ್ಬರೆಂದರೆ ಮಗಳೇ. ಅವಳ ಕೈಗೇ ಕಾಗದ ಕೊಟ್ಟರು.

ಮಿಕ್ಕ ಮಕ್ಕಳು ಪೆನ್ನು ಕೆಳಗಿಟ್ಟು ಕೇಳಿದರು. ವಧು, ವರ, ಮುಹೂರ್ತ, ಊಟದ ಹೊತ್ತು, ಎಲ್ಲವನ್ನೂ ಅವಳು ಮಲಯಾಳಂನಲ್ಲಿ ಹೇಳಿ ಮುಗಿಸಿದಳು. ಮಾಷ್‌ಗೆ ಸಂತೋಷವಾಗಿ ಮಗಳೇ ಎಂದೇ ಕರೆದರು.

"ಇಷ್ಟು ಚೆನ್ನಾಗಿ ಬರುತ್ತಲ್ಲ ಮೋಳೇ, ನಿಂಗ್ಯಾಕೆ ನಿಘಂಟು?"

"ಮಾಷೇ, ಪ್ರಶ್ನೆಪತ್ರಿಕೆಯಲ್ಲಿ ಮದುವೆ ಇಲ್ಲವಲ್ಲ."

ಹಿಂದಿನ ಬೆಂಚಿನವರು ನಕ್ಕರು. ಮಾಷ್ ಯೋಚಿಸಿ ನಡುದಾರಿ ಹಿಡಿದರು. ನಿಘಂಟು ಅವರ ಮೇಜಿನ ಮೇಲೇ ಇರುತ್ತದೆ. ಅವಳು ಪದ ಕೇಳಬೇಕು, ಅವರು ಹುಡುಕಬೇಕು. ಅರ್ಥ ಕನ್ನಡದಲ್ಲಿದ್ದುದರಿಂದ ಹೇಳಲು ಅವರಿಗೆ ಆಗದು. ಅಕ್ಕಪಕ್ಕದ ಪದಗಳನ್ನು ಎರಡೂ ಅಂಗೈಯಿಂದ ಮುಚ್ಚಿ ಒಂದು ಸಾಲು ತೋರಿಸಿದರು. ಬೆರಳು ದಪ್ಪ, ಆ ಸಾಲೂ ಅರ್ಧ ಮುಚ್ಚಿತ್ತು. ಕೈ ಎತ್ತಿ ಎಂದು ಅವಳು ಹೇಳಿದರೂ, ಬೇರೆ ಪದ ಕಂಡೀತೆಂದು ಎತ್ತಲಿಲ್ಲ.

ತಪಾಸಣೆಗೆ ಹೋದ ಹೊತ್ತನ್ನು ಕೊನೆಯಲ್ಲಿ ಸೇರಿಸಿಕೊಟ್ಟರೆಂಬುದನ್ನೂ ದಾಖಲಿಸಬೇಕು.

ಮಗಳು ದಡ ಮುಟ್ಟುವಷ್ಟೇ ಅಂಕ ಪಡೆದು ಒಂಬತ್ತಕ್ಕೆ ಹೋದಳು. ನಿಘಂಟಿನ ಪ್ರಯೋಗ ಗೆದ್ದಿತೆಂದು ಶಾಲೆಯವರು ಸುದ್ದಿ ಬರೆಯಲು ಹೇಳಿದರು. ಬರೆಯುವ ಮೊದಲು ಅವಳನ್ನು ಕೇಳಿದೆ: "ಎಷ್ಟು ಪದ ನೋಡ್ದೆ?"

"ಒಂದೇ. ಅದೂ ಅರ್ಧ."

"ಮುಂದಿನ ಸಲವೂ ತರೋಣ್ವಾ?"

"ಬ್ಯಾಡಪ್ಪಾ. ಬುಕ್ ತಂದ್ರೆ ಬರಿಯಕ್ಕೆ ಪುರುಸೊತ್ತೇ ಸಿಕ್ಕಲ್ಲ."