ಮಣ್ಣಿನ ಬಟ್ಟಲು, ಎರಡು ಈರುಳ್ಳಿ

ಲಾಕ್‌ಡೌನ್ ಕಾಲದಲ್ಲಿ ಪರದೇಶದ ಸ್ಯಾಂಟ್ರಿ ಎಂಬ ಬಡಾವಣೆಯ ನನ್ನ ಫ್ಲಾಟಿನಲ್ಲಿ ಮಾತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆಫೀಸಿನವರು ಲ್ಯಾಪ್‌ಟಾಪಿನಲ್ಲಿ ಬಂದು, ಕೆಲಸ ಮುಗಿದೊಡನೆ ಮಾಯವಾಗುತ್ತಿದ್ದರು. ಮೈಸೂರಿನಿಂದ ಅಮ್ಮ ಫೋನ್ ಮಾಡಿದರೆ, ಚೆನ್ನಾಗಿದ್ದೇನೆ ಅನ್ನಲು ಇಲ್ಲಿಯವರು ಹೇಳುವಂತೆ "ನಾನು ಗ್ರ್ಯಾಂಡ್ ಆಗಿದೀನಮ್ಮ" ಅನ್ನುತ್ತಿದ್ದೆ. ಹಸಿ ಸುಳ್ಳು.

ಎದುರು ಮನೆಯಲ್ಲಿ ರೊಮೇನಿಯಾದ ಹೆಂಗಸೊಬ್ಬರಿದ್ದರು, ಅಮ್ಮನ ವಯಸ್ಸಿನವರು. ಒಂದು ದಿನ ನನ್ನ ಹೊಸ್ತಿಲಲ್ಲಿ ಹುರುಳಿಕಾಯಿ ಸಾರು ತುಂಬಿದ ಮಣ್ಣಿನ ಬಟ್ಟಲಿಟ್ಟು, ಬಾಗಿಲು ತಟ್ಟಿ, ದೂರ ಸರಿದು ನಿಂತರು. ಅವರ ತೆರೆದ ಬಾಗಿಲಿನೊಳಗೆ ಗೋಡೆಯ ಮೇಲೊಂದು ಚಿತ್ರ ಕಂಡಿತು: ಕಂದು ಮೇಜು, ಎರಡು ಈರುಳ್ಳಿ, ಒಂದು ಚಾಕು, ಇಂಥದ್ದೇ ಬಟ್ಟಲು.

"ನಮ್ಮ ದೇಶದ್ದು. ನೂರು ವರ್ಷದ ಹಿಂದೆ ಬರೆದದ್ದು. ಇದು ಬರೀ ಪ್ರಿಂಟು" ಎಂದರು ಮುರುಕು ಇಂಗ್ಲಿಷಿನಲ್ಲಿ. ದೇವರಲ್ಲ, ದಿಂಡರಲ್ಲ, ಈರುಳ್ಳಿಗೆ ಕಟ್ಟು ಹಾಕಿಸುವವರೂ ಇದ್ದಾರಲ್ಲ ಎಂದು ಒಳಗೊಳಗೇ ನಕ್ಕೆ.

ಬಟ್ಟಲು ತೊಳೆದಿಟ್ಟಿದ್ದೇನೆ, ಕೊಟ್ಟುಬಿಡುತ್ತೇನೆ ಎಂದಾಗ ಅಮ್ಮ ಫೋನಿನಲ್ಲೇ ಗದರಿದಳು. "ಖಾಲಿ ಪಾತ್ರೆ ವಾಪಸ್ ಕೊಡ್ತಾರೇನೇ? ಒಂಚೂರು ಸಕ್ಕರೆನಾದ್ರೂ ಹಾಕ್ಕೊಡು."

ಚಿತ್ರಾನ್ನ ಹಾಕಿ ಕೊಟ್ಟೆ. ಅವರಿಗೂ ಖಾಲಿ ಕೊಡಲು ಮನಸ್ಸಾಗಲಿಲ್ಲವೇನೋ, ಬಟ್ಟಲು ಎಲೆಕೋಸು ಹೊತ್ತು ಮರಳಿತು. ನಾನು ಬಿಟ್ಟೇನೆ? ಉಪ್ಪಿಟ್ಟು ಹೋಯಿತು, ಆಲೂಗಡ್ಡೆ ಬಂತು, ಕೇಸರಿಬಾತ್ ಹೋಯಿತು. ಹಸಿವಿಲ್ಲದಿದ್ದರೂ ಒಲೆ ಹಚ್ಚುತ್ತಿದ್ದೆ. ಬಟ್ಟಲು ಓಡಾಡುವವರೆಗೆ ನನ್ನ ಬಾಗಿಲು ತಟ್ಟುವವರೊಬ್ಬರು ಇರುತ್ತಾರೆ. ಅದು ನಿಂತುಹೋದರೆ ಎಂದು ಭಯವಾಗುತ್ತಿತ್ತು.

ವಿಮಾನಗಳು ಮತ್ತೆ ಹಾರತೊಡಗಿದವು. "ಊರಿನಲ್ಲಿ ತಂಗಿ ಒಬ್ಬಳೇ ಇದ್ದಾಳೆ, ನಾನಿನ್ನು ಅಲ್ಲೇ ಇರುತ್ತೇನೆ" ಎಂದರು. ಹೋಗಬೇಡಿ ಎನ್ನಲು ನಾನ್ಯಾರು?

ಹೊರಟ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊಸ್ತಿಲಲ್ಲಿ ಆ ಚಿತ್ರ, ಪಕ್ಕದಲ್ಲಿ ಬಟ್ಟಲು. ಖಾಲಿ.

"ಎರಡೂ ನಿನಗೆ. ಅಡುಗೆಮನೆ ಖಾಲಿ ಮಾಡಿದೆ, ಹಾಕಲು ಏನೂ ಉಳಿದಿಲ್ಲ" ಎಂದರು.

ನನಗೆ ಸಿಟ್ಟೇ ಬಂತು. ಹೀಗೆ ಲೆಕ್ಕ ಚುಕ್ತಾ ಮಾಡಿ ಹೋಗುವುದೇ? ಒಳಗೆ ಓಡಿ ಬಟ್ಟಲಿಗೆ ಸಕ್ಕರೆ ಸುರಿದು, ಮೇಲೊಂದು ಕವರು ಬಿಗಿದು, ಅವರ ಸೂಟ್‌ಕೇಸಿನ ಮೇಲಿಟ್ಟೆ.

"ಚಿತ್ರ ಸಾಕು. ಬಟ್ಟಲು ನಿಮ್ಮ ಹತ್ತಿರ ಇರಲಿ."

"ಹಾಗಾದರೆ ನಾನು ತುಂಬಿ ತಂದುಕೊಡಬೇಕಾಗುತ್ತದೆ!"

"ಹೌದು" ಎಂದೆ. ಅವರು ಬಟ್ಟಲನ್ನು ಎದೆಗವಚಿಕೊಂಡು ಲಿಫ್ಟಿನೊಳಗೆ ಹೋದರು.

ಈರುಳ್ಳಿಗಳು ಈಗ ನನ್ನ ಗೋಡೆಯ ಮೇಲಿವೆ. ಬಟ್ಟಲು ಇನ್ನೂ ಬಂದಿಲ್ಲ. ಯಾರೇ ಬಾಗಿಲು ತಟ್ಟಲಿ, ಮುಖ ನೋಡುವ ಮೊದಲು ಹೊಸ್ತಿಲು ನೋಡುತ್ತೇನೆ.