ತಳದಲ್ಲಿದ್ದ ಕೆಂಪು

ಒಂದಾನೊಂದು ಕಾಲದಲ್ಲಿ, ಲೋಕ ಬೇಡವೆಂದು ಬಿಸಾಡಿದ್ದನ್ನೇ ಬೇಡಿ ತರುವ ಹೆಂಗಸೊಬ್ಬಳಿದ್ದಳಂತೆ. ನಮ್ಮ ಲ್ಯಾಬಿನ ಮೇಡಂ ಅವರ ಕಥೆಯನ್ನು ನನ್ನ ಅಜ್ಜಿ ಹೇಳಿದ್ದರೆ ಹೀಗೇ ಶುರುಮಾಡುತ್ತಿದ್ದಳು. ಸ್ಟೆಮ್ ಸೆಲ್ ಎನ್ನುವ ಕಾಂಡಕೋಶಗಳಿಗಾಗಿ ಎಲ್ಲರೂ ಮೂಳೆಯ ಮಜ್ಜೆಯನ್ನೇ ನೆಚ್ಚಿಕೊಂಡಿದ್ದ ದಿನಗಳಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೊಬ್ಬಿನೊಳಗೆ ಅವನ್ನು ಅರಸಿ, ಇಪ್ಪತ್ತೆರಡು ವರ್ಷ ಅದೊಂದೇ ಕೆಲಸವನ್ನು ವ್ರತದಂತೆ ನಡೆಸಿದವರು ಅವರು.

ಐಸ್ ಡಬ್ಬಿ ಹಿಡಿದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತವರನ್ನು ಕಂಡು ಹಿರಿಯ ಸರ್ಜನ್ನರು, “ಏನಮ್ಮಾ, ಇವತ್ತೂ ನಮ್ಮ ಕಸಕ್ಕೆ ಬಂದ್ರಾ?” ಎಂದು ನಗುತ್ತಿದ್ದರಂತೆ. “ನಿಮಗೆ ಕಸ ಸರ್, ನಮಗೆ ತಿಂಗಳ ಸಾಮಾನು,” ಎನ್ನುತ್ತಿದ್ದರಂತೆ ಮೇಡಂ.

ಕಳೆದ ತಿಂಗಳು ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದ ದರ್ಜಿಯಕ್ಕ, ಕೊಬ್ಬು ಕೊಡಲು ಒಪ್ಪಿ ಸಹಿ ಹಾಕುತ್ತ ಕೇಳಿದರು: “ಅದ್ರಲ್ಲಿ ಜೀವ ಇದೆ ಅಂತೀರಲ್ಲ, ನಂಗೊಂದ್ಸಲ ತೋರಿಸ್ತೀರಾ?”

“ರಿಟೈರ್ ಆಗೋದ್ರೊಳಗೆ ತೋರಿಸ್ತೀನಮ್ಮ.”

ಕೊಟ್ಟ ಮಾತನ್ನು ಮೇಡಂ ಚೀಟಿಯಲ್ಲಿ ಬರೆದು ಇನ್‌ಕ್ಯುಬೇಟರಿನ ಬಾಗಿಲಿಗೆ ಅಂಟಿಸಿದರು. ಅವರ ನಿವೃತ್ತಿಗೆ ಉಳಿದದ್ದು ಹನ್ನೆರಡೇ ದಿನ.

ನಾನು ಲ್ಯಾಬಿಗೆ ಸೇರಿ ವಾರವಾಗಿತ್ತು. ದರ್ಜಿಯಕ್ಕನ ಕೊಬ್ಬನ್ನು ತೊಳೆದು, ಕಿಣ್ವ ಬೆರೆಸಿ, ಮೈಬಿಸಿಯಷ್ಟು ಶಾಖದಲ್ಲಿ ಅಲುಗಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ಮೇಲೆ ಹೊಂಬಣ್ಣದ ಪದರ ತೇಲಿತು. ಅಜ್ಜಿಯ ಕಥೆಗಳಲ್ಲಿ ನಿಧಿ ಹೊಳೆಯುತ್ತಿತ್ತು. ನಾನು ಆ ಪದರವನ್ನೇ ಜೋಪಾನವಾಗಿ ಎತ್ತಿಟ್ಟು, ತಳದಲ್ಲಿದ್ದ ಸಾಸಿವೆಯಷ್ಟು ಕೆಂಪು ಗಷ್ಟನ್ನು ಬ್ಲೀಚಿಗೆ ಸುರಿದುಬಿಟ್ಟೆ. ಕೋಶಗಳಿದ್ದದ್ದು ಆ ಗಷ್ಟಿನಲ್ಲೇ.

“ಚೆಲ್ಲೋ ಮುಂಚೆ ಅದೇನು ಅಂತ ಕೇಳ್ಬಾರ್ದಿತ್ತಾ?”

“ಗಲೀಜು ಅಂದ್ಕೊಂಡೆ ಮೇಡಂ.”

“ಸರಿಹೋಯ್ತು! ನೀನು ಆ ಸರ್ಜನ್ನರ ಶಿಷ್ಯೆ ಆಗ್ಬೇಕಿತ್ತು.”

ಬೈದದ್ದು ಅಷ್ಟೇ. ಬಂದ ಕೊಬ್ಬಿನಲ್ಲಿ ಅರ್ಧವನ್ನು ಮರುದಿನಕ್ಕೆಂದು ತೆಗೆದಿಡುವುದು ಮೊದಲಿನಿಂದಲೂ ಅವರ ಪದ್ಧತಿ. ಅದು ಹೊಸಬರು ಮಾಡುವ ತಪ್ಪಿಗಾಗಿ ಎಂದು ನನಗೆ ಅಂದು ತಿಳಿಯಿತು. ಬೆಳಗ್ಗೆ ಆ ಬಾಟಲಿಯನ್ನೂ ನನ್ನ ಕೈಗೇ ಕೊಟ್ಟು, ಪಕ್ಕದಲ್ಲಿ ಕೈಕಟ್ಟಿ ಕೂತರು.

ಈ ಸಲ ಗಷ್ಟನ್ನೇ ಉಳಿಸಿ ಬೆಳೆಯಲು ಬಿಟ್ಟ ತಟ್ಟೆಯ ತಳಕ್ಕೆ ಮೊದಲು ಬೆರಳೆಣಿಕೆಯಷ್ಟು ಕೋಶಗಳು ಅಂಟಿದವು. ತಕ್ಕ ಪೋಷಣೆ ಕೊಟ್ಟರೆ ಮೂಳೆಯಾಗುವ, ಮೃದ್ವಸ್ಥಿಯಾಗುವ ಇವಕ್ಕೆ ದಾರಿ ಹೇಳುವವರು ಯಾರು? ಕೇಳಿದೆ. “ನಂಗೂ ಪೂರ್ತಿ ಗೊತ್ತಿಲ್ಲ ಕಣೇ,” ಎನ್ನುವಾಗ ಅವರ ಮುಖ ಅರಳಿತ್ತು. ಆ ಗೊತ್ತಿಲ್ಲದಿರುವ ಸಂತೋಷದಲ್ಲಿ ಅವರು ನೂರು ವರ್ಷ ಬಾಳಲಿ. ಸೂಕ್ಷ್ಮದರ್ಶಕದ ಮುಂದಿನ ಆ ಕುಂಟು ಸ್ಟೂಲು ಎಂದೆಂದೂ ಅವರದಾಗಿರಲಿ.

ಕೊನೆಯ ದಿನ ಮಧ್ಯಾಹ್ನ ದರ್ಜಿಯಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

“ಉದ್ದುದ್ದಕ್ಕಿವೆ, ಸಾಲಾಗಿ ಹೊಲಿಗೆ ಹಾಕ್ದಂಗೆ. ಇವು ನಂದೇನಾ?”

“ನಿಮ್ಮವೇ ಅಮ್ಮ.”

“ಅಯ್ಯೋ, ಇವನ್ನ ಕರಗಿಸೋಕೆ ಎಷ್ಟು ವರ್ಷ ಒದ್ದಾಡ್ದೆ!”

ಮೇಡಂ ಜೋರಾಗಿ ನಕ್ಕರು. ಆಮೇಲೆ ಇನ್‌ಕ್ಯುಬೇಟರಿನ ಬಳಿ ಹೋಗಿ, ಬಾಗಿಲಿನ ಚೀಟಿಯನ್ನು ಮೂಲೆ ಹರಿಯದಂತೆ ಮೆಲ್ಲಗೆ ಬಿಡಿಸಿಕೊಂಡರು.